ಇಪ್ಪತ್ತರ ಸಾಲು

ಒಂಬತ್ತನೇ ಮಂಚದ ಮನುಷ್ಯ ಸತ್ತದ್ದು ಮಧ್ಯಾಹ್ನ ಒಂದು ಗಂಟೆಯ ಆಸುಪಾಸಿನಲ್ಲಿ. ಎರಡು ಗಂಟೆಗೆ ಅವನ ಚಾರ್ಟಿನ ಉಸಿರಿನ ಕಾಲಮಿನಲ್ಲಿ ನಿಮಿಷಕ್ಕೆ ಇಪ್ಪತ್ತು ಎಂದು ಬರೆಯಲಾಯಿತು. ಬರೆದವಳು ಮೂರನೇ ವರ್ಷದ ನರ್ಸಿಂಗ್ ವಿದ್ಯಾರ್ಥಿನಿ. ಎರಡೂಕಾಲಿಗೆ ಅವನ ಹೆಂಡತಿ ಊಟ ಮುಗಿಸಿ ಬಂದು, ಹೊದಿಕೆ ಸರಿಮಾಡಲೆಂದು ಅವನ ಪಾದ ಮುಟ್ಟಿದಳು.

ಇದಾಗಿ ಐದು ದಿನ. ಬರೆದವಳು ಬೆಳಿಗ್ಗೆ ಹಾಸ್ಟೆಲಿನ ಕನ್ನಡಿಯ ಮುಂದೆ ನಿಂತು ಸಮವಸ್ತ್ರದ ಎದೆಗೆ ಗಡಿಯಾರ ಚುಚ್ಚಿಕೊಂಡಳು. ನರ್ಸುಗಳ ಗಡಿಯಾರ ತಲೆಕೆಳಗಾಗಿ ನೇತಾಡುತ್ತದೆ. ನೋಡುವವರಿಗಲ್ಲ, ತೊಟ್ಟವಳಿಗೆ ಮಾತ್ರ ಅದು ನೆಟ್ಟಗೆ ಕಾಣುತ್ತದೆ. ಎದೆ ಏರಿದಾಗ ಅದೂ ಏರಿತು, ಇಳಿದಾಗ ಇಳಿಯಿತು. ಒಂದು, ಎರಡು ಎಂದು ಎಣಿಸತೊಡಗಿದವಳಿಗೆ ಮೂರನೆಯದರ ಹೊತ್ತಿಗೆ ಉಸಿರು ತನ್ನದಲ್ಲ ಎನ್ನಿಸಿತು. ಯಾರೋ ಬಾಗಿಲ ಹಿಂದೆ ನಿಂತು ತನಗಾಗಿ ಎಳೆದು ಬಿಡುತ್ತಿರುವ ಹಾಗೆ. ಎಣಿಸುತ್ತಿದ್ದಾರೆ ಎಂದು ಗೊತ್ತಾದೊಡನೆ ಉಸಿರು ನಟಿಸಲು ಶುರುಮಾಡುತ್ತದೆ: ಮೊದಲ ವರ್ಷದ ಮೊದಲ ತಿಂಗಳಲ್ಲೇ ಟ್ಯೂಟರ್ ಮೇಡಂ ಹೇಳಿಕೊಟ್ಟ ಪಾಠ. ಆದ್ದರಿಂದ ರೋಗಿಗೆ ಹೇಳಬಾರದು. ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದುಕೊಳ್ಳಬೇಕು, ಕಣ್ಣು ಎದೆಯ ಮೇಲಿಡಬೇಕು, ಪೂರ್ತಿ ಒಂದು ನಿಮಿಷ. ಕೈ ಒಂದು ಕಡೆ, ಕಣ್ಣು ಒಂದು ಕಡೆ. 'ಈ ವೃತ್ತೀಲಿ ನಾವು ಮಾಡಬಹುದಾದ ಒಂದೇ ಒಂದು ಮೋಸ ಇದು, ಇದನ್ನ ಚೆನ್ನಾಗಿ ಮಾಡಿ' ಎಂದಿದ್ದರು ಮೇಡಂ. ಇಡೀ ತರಗತಿ ನಕ್ಕಿತ್ತು.

"ಏಯ್, ಕನ್ನಡಿ ಸವೆದುಹೋಗುತ್ತೆ, ಸಾಕು ಬಾರೇ." ಕೋಣೆಯ ಜೊತೆಗಾತಿ, ಬಾಯಿ ಮುಚ್ಚದವಳೆಂದು ಎಲ್ಲರೂ ರೇಡಿಯೋ ಎಂದೇ ಕರೆಯುವವಳು, ಒಂದು ಕಾಲಿಗೆ ಶೂ ಹಾಕಿಕೊಂಡು ಇನ್ನೊಂದನ್ನು ಮಂಚದ ಕೆಳಗೆ ಹುಡುಕುತ್ತಿದ್ದಳು. "ಇವತ್ತು ಹತ್ತೂವರೆಗೆ ತಾನೇ ಮೇಡಂ ಬರೋಕೆ ಹೇಳಿರೋದು? ಹೋಗು, ಅವ್ರು ಹೇಳಿದ್ದು ಬರಿ, ಕೈ ತೊಳ್ಕೊ. ಎಲ್ರೂ ಹಾಕೋದು ಇಪ್ಪತ್ತೇ ಕಣೇ. ನಾನೂ ಹಾಕಿದೀನಿ. ನಿನ್ನ ಗ್ರಹಚಾರ, ನಿನ್ನ ಇಪ್ಪತ್ತು ಸಿಕ್ಕಿಹಾಕ್ಕೊಂಡ್ತು."

"ಮತ್ತೆ ವಾರ್ಡಿನ ಆಯಮ್ಮ?"

"ಆಯಮ್ಮಂಗೆ ಏನಾಗುತ್ತೆ? ಇಲ್ಲಿ ಬಿಟ್ರೆ ಇನ್ನೊಂದು ಕಡೆ ಕಸ ಗುಡಿಸ್ತಾರೆ. ನಿಂದು ಮೂರು ವರ್ಷ ಕಣೇ." ಶೂ ಸಿಕ್ಕಿತು. ರೇಡಿಯೋ ಅದನ್ನು ಎತ್ತಿ ಹಿಡಿದು, ಗೆದ್ದವಳಂತೆ ಅಲ್ಲಾಡಿಸಿದಳು. ಆಮೇಲೆ ಇವಳ ಮುಖ ನೋಡಿ ಕೆಳಗಿಳಿಸಿದಳು.

ಹಾಸ್ಟೆಲಿನಿಂದ ಆಸ್ಪತ್ರೆಗೆ ಹೋಗುವ ಮುಚ್ಚಿದ ಓಣಿಯಲ್ಲಿ ಅದು ಮತ್ತೆ ಕೇಳಿಸಿತು. ಐದು ದಿನದಿಂದ ಕೇಳಿಸುತ್ತಿರುವುದು. ಒಂದು ಉಸಿರು, ಗಂಟಲಿನಲ್ಲಿ ಸ್ವಲ್ಪ ತಡೆದು, ತೇವವಾಗಿ, ನಿದ್ದೆಯಲ್ಲಿರುವವರದು. ಆಮೇಲೆ ಏನೂ ಇಲ್ಲ. ಏನೂ ಇಲ್ಲದ್ದು ಎಷ್ಟು ಉದ್ದವಿರುತ್ತಿತ್ತೆಂದರೆ, ಅವಳು ಏಳು ಹೆಜ್ಜೆ ನಡೆದು ಎಂಟನೆಯದನ್ನು ಎತ್ತುವ ಹೊತ್ತಿಗೆ ಇನ್ನೊಂದು ಬರುತ್ತಿತ್ತು. ಮೊದಲ ದಿನ ನೀರಿನ ಕೊಳಾಯಿ ಎಂದುಕೊಂಡಿದ್ದಳು. ಎರಡನೆಯ ದಿನ ಲಿಫ್ಟಿನ ಬಾಗಿಲು. ಲಿಫ್ಟು ಕೆಟ್ಟು ತಿಂಗಳಾಗಿದೆ ಎಂದು ಮೂರನೆಯ ದಿನ ನೆನಪಾಯಿತು. ಚಿಕ್ಕವಳಿದ್ದಾಗ ಅಜ್ಜಿಯ ಪಕ್ಕದಲ್ಲಿ ಮಲಗುತ್ತಿದ್ದ ದಿನಗಳಲ್ಲಿ ಹೀಗೇ ಕಿವಿಗೊಡುತ್ತಿದ್ದಳು; ಅಜ್ಜಿಯ ಉಸಿರು ನಡುವೆ ತಡವಾದರೆ ತನ್ನದನ್ನೂ ಹಿಡಿದುಕೊಂಡು ಕಾಯುತ್ತಿದ್ದಳು, ತಾನು ಬಿಟ್ಟರೆ ಅಜ್ಜಿ ಎಳೆಯುವುದಿಲ್ಲವೇನೋ ಎಂಬಂತೆ. ಒಂದು ದಿನ ಅಜ್ಜಿ ಕಣ್ಣು ಮುಚ್ಚಿಕೊಂಡೇ, 'ಇದೀನಿ, ಮಲಕ್ಕೋ' ಎಂದಿದ್ದಳು. ಯಾರೂ ಕಲಿಸದೆ ಎಣಿಸಲು ಬರುತ್ತಿದ್ದವಳು ಕಲಿತ ಮೇಲೆ ಎಣಿಸುವುದನ್ನು ಬಿಟ್ಟಳು.

ವಾರ್ಡಿನಲ್ಲಿ ಮೂವತ್ತೆರಡು ಮಂಚ, ಮೂವತ್ತೆರಡು ಚಾರ್ಟು. ಜ್ವರ ಏರಿಳಿಯುತ್ತದೆ, ನಾಡಿ ಏರಿಳಿಯುತ್ತದೆ, ಉಸಿರಿನ ಕಾಲಂ ಮಾತ್ರ ಮೇಲಿಂದ ಕೆಳಗೆ ಇಪ್ಪತ್ತು, ಇಪ್ಪತ್ತು, ಇಪ್ಪತ್ತು. ಇಪ್ಪತ್ತರ ಸಾಲು ಎಂದೇ ಅದಕ್ಕೆ ಹೆಸರು. ಯಾವ ಪುಸ್ತಕದಲ್ಲೂ ಇಲ್ಲದ, ಯಾರೂ ಬಾಯಿಬಿಟ್ಟು ಹೇಳಿಕೊಡದ, ಬಂದ ವಾರದಲ್ಲೇ ಎಲ್ಲರಿಗೂ ಗೊತ್ತಾಗುವ ಪದ್ಧತಿ. ತರಗತಿಯಲ್ಲಿ ಪೂರ್ತಿ ಒಂದು ನಿಮಿಷ ಎಂದ ಮೇಡಂ, ವಾರ್ಡಿನಲ್ಲಿ ಮೂವತ್ತೆರಡು ಜನರಿಗೆ ಇಬ್ಬರು ಹುಡುಗಿಯರು ಓಡಾಡುವುದನ್ನು ಬಾಗಿಲಲ್ಲಿ ನಿಂತು ನೋಡಿ, ಚಾರ್ಟಿನ ಮೇಲೆ ಕಣ್ಣಾಡಿಸಿ, ಸಹಿ ಮಾಡಿ ಹೋಗುತ್ತಿದ್ದರು. ಹುಡುಗಿಯರು ಹತ್ತಕ್ಕೂ ಹನ್ನೆರಡಕ್ಕೂ ಮಂಚದ ಬುಡಕ್ಕಾದರೂ ಹೋಗುತ್ತಿದ್ದರು. ಎರಡು ಗಂಟೆಯ ಸುತ್ತು, ಪಾಳಿ ಬದಲಾಗುವ ಮೊದಲಿನದು, ಮೇಜಿನ ಹತ್ತಿರವೇ ಮುಗಿಯುತ್ತಿತ್ತು. ಎಲ್ಲ ಚಾರ್ಟುಗಳನ್ನೂ ಗುಡ್ಡೆ ಹಾಕಿಕೊಂಡು, ಹನ್ನೆರಡರದ್ದನ್ನು ನೋಡಿ, ಒಂದು ಹೆಚ್ಚು ಒಂದು ಕಡಿಮೆ ಮಾಡಿ. ಈಗ ಅವಳು ವಾರ್ಡಿನ ಬಾಗಿಲಲ್ಲಿ ನಿಂತಾಗ ಕಂಡದ್ದು ಆ ಕಾಗದದ ವಾರ್ಡು: ಮೂವತ್ತೆರಡು ಎದೆಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತಿದ್ದವು, ಒಂದೇ ಒಂದು ದೊಡ್ಡ ಪ್ರಾಣಿ ಬಿಳಿ ಹೊದಿಕೆ ಹೊದ್ದು ಮಲಗಿ ನಿಮಿಷಕ್ಕೆ ಇಪ್ಪತ್ತರಂತೆ ಉಸಿರಾಡುತ್ತಿರುವ ಹಾಗೆ. ಕಣ್ಣು ಮಿಟುಕಿಸಿದಳು. ಯಾರೋ ಕೆಮ್ಮಿದರು, ಪ್ರಾಣಿ ಒಡೆದು ಮೂವತ್ತೆರಡು ಜನವಾಯಿತು.

ಒಂಬತ್ತನೇ ಮಂಚಕ್ಕೆ ಆಗಲೇ ಹೊಸಬರು ಬಂದಿದ್ದರು, ನಿವೃತ್ತ ಮೇಷ್ಟ್ರು. ಅವಳು ಅವರ ಮಣಿಕಟ್ಟು ಹಿಡಿದು, ಕಣ್ಣನ್ನು ಎದೆಯ ಮೇಲಿಟ್ಟು, ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬರುವುದನ್ನು ಕಾದು, ಎಣಿಸತೊಡಗಿದಳು. ಹದಿನಾರರ ಹೊತ್ತಿಗೆ ಮೇಷ್ಟ್ರು ಒಂದು ಕಣ್ಣು ತೆರೆದರು.

"ಏನಮ್ಮಾ, ಇದೀನಾ?"

ಅವಳಿಗೆ ಲೆಕ್ಕ ತಪ್ಪಿತು. "ಇದೀರಿ ಸಾರ್."

"ಇಷ್ಟು ಹೊತ್ತು ಕೈ ಹಿಡ್ಕೊಂಡೋರು ನನ್ನ ಹೆಂಡ್ತೀನೂ ಇಲ್ಲ. ಏನಾದ್ರೂ ಇದ್ರೆ ಹೇಳಿಬಿಡಮ್ಮ."

"ಏನೂ ಇಲ್ಲ ಸಾರ್. ಮತ್ತೆ ಮೊದಲಿಂದ ಎಣಿಸ್ತೀನಿ." ಹೇಳಬಾರದ್ದನ್ನು ಹೇಳಿಬಿಟ್ಟಿದ್ದಳು. ಮೇಷ್ಟ್ರು ಆಜ್ಞಾಪಾಲಕ ವಿದ್ಯಾರ್ಥಿಯಂತೆ ಬಾಯಿ ಮುಚ್ಚಿ, ಅಳತೆಗೆ ಸಿಗುವ ಹಾಗೆ, ದೊಡ್ಡದಾಗಿ ಉಸಿರಾಡತೊಡಗಿದರು. ಮೇಜಿನ ಕಡೆಯಿಂದ ವಾರ್ಡ್ ಸಿಸ್ಟರ್ ದನಿ ಬಂತು: "ಏನಮ್ಮಾ ಅಲ್ಲಿ, ಸೂರ್ಯ ಮುಳುಗೋದ್ರೊಳಗೆ ಹತ್ತನೇ ಮಂಚಕ್ಕೆ ಬರ್ತೀಯಾ? ಇಲ್ಲ ಅಲ್ಲೇ ಹಾಸಿಗೆ ಹಾಕ್ಕೊಡ್ಲಾ?" ಎರಡು ಮೂರು ಮಂಚಗಳು ನಕ್ಕವು. ಅವಳೂ ನಕ್ಕಳು, ಅವಮಾನವಾದಾಗ ಮೊದಲು ನಗುವುದು ಅವಳ ಮುಖದ ಅಭ್ಯಾಸ. ಹಾಸಿಗೆಯಲ್ಲಿ ಬಿದ್ದಿದ್ದ ಗುಳಿ ಮೇಷ್ಟ್ರ ಬೆನ್ನಿಗೆ ಹೊಂದಿರಲಿಲ್ಲ. ಹಿಂದಿನವನು ಇವರಿಗಿಂತ ಎತ್ತರದವನು, ಅಗಲ ಭುಜದವನು. ಅವನು ಬಿಟ್ಟುಹೋದ ಆಕಾರದೊಳಗೆ ಮೇಷ್ಟ್ರು ಸಡಿಲವಾಗಿ ಮಲಗಿದ್ದರು, ಬೇರೆಯವರ ಅಂಗಿ ತೊಟ್ಟವರಂತೆ.

ಆ ಸತ್ತವನು ಹೊಟ್ಟೆಯ ಆಪರೇಷನ್ ಆಗಿ ಮೂರನೆಯ ದಿನದವನು. ನೋವು ತಡೆಯಲಾರದೆ ದಿಂಬಿನ ಅಂಚನ್ನು ಕಚ್ಚುತ್ತಿದ್ದ. ಅವತ್ತು ಬೆಳಿಗ್ಗೆ ಆರಕ್ಕೆ ಒಂದು ಇಂಜೆಕ್ಷನ್ ಆಗಿತ್ತು, ನೋವನ್ನೂ ಮನುಷ್ಯನನ್ನೂ ಒಟ್ಟಿಗೆ ಮಲಗಿಸುವ ಬಗೆಯದು. ಅದನ್ನು ಕೊಡುವ ಮೊದಲು ಪ್ರತಿ ಸಲವೂ ಉಸಿರು ಎಣಿಸಬೇಕು. ಹನ್ನೆರಡಕ್ಕಿಂತ ಕಡಿಮೆ ಇದ್ದರೆ ಕೊಡಕೂಡದು, ಡಾಕ್ಟರನ್ನು ಕರೆಯಬೇಕು. ಎರಡನೇ ವರ್ಷದ ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಅವಳು ಪೂರ್ತಿ ಅಂಕ ತೆಗೆದಿದ್ದಳು. ಹತ್ತು ಗಂಟೆಗೆ ಮತ್ತೆ ನರಳಾಟ ಶುರುವಾಗಿ, ಹೆಂಡತಿ ಅತ್ತು, ಡಾಕ್ಟರು ಫೋನಿನಲ್ಲೇ ಇನ್ನೊಂದು ಕೊಡಿ ಎಂದಾಗ, ವಾರ್ಡ್ ಸಿಸ್ಟರ್ ಸಿರಿಂಜು ಹಿಡಿದುಕೊಂಡೇ ಆ ತುದಿಯಿಂದ ಕೂಗಿ ಕೇಳಿದ್ದರು: "ಒಂಬತ್ತರ ಉಸಿರೆಷ್ಟೇ?" ಅವಳು ಇಪ್ಪತ್ತೈದನೇ ಮಂಚದವನ ಗಾಯಕ್ಕೆ ಬಟ್ಟೆ ಕಟ್ಟುತ್ತಿದ್ದವಳು, ತಲೆಯೆತ್ತದೆ, ಪೂರ್ತಿ ಅಂಕದವಳ ದನಿಯಲ್ಲಿ, "ಇಪ್ಪತ್ತು ಸಿಸ್ಟರ್" ಎಂದಿದ್ದಳು. ಸುಳ್ಳು ಹೇಳಿದೆ ಎಂಬ ಭಾವ ಆಗಲೂ ಬರಲಿಲ್ಲ. ಈಗ ಅದನ್ನು ಹುಡುಕಿದರೂ ಸಿಗುವುದಿಲ್ಲ, ಅದೇ ಅವಳನ್ನು ಹೆದರಿಸುವುದು. ಹನ್ನೆರಡಕ್ಕೆ ಅವನ ಮಂಚದ ಬುಡದಲ್ಲಿ ನಿಂತಿದ್ದಳು. ಗೊರಕೆ ಹೊಡೆಯುತ್ತಿದ್ದ. ಹೆಂಡತಿ ಎದ್ದು ನಿಂತು, ಎರಡೂ ಕೈ ಜೋಡಿಸಿ, "ಮೂರು ದಿನದಿಂದ ಕಣ್ಣು ಮುಚ್ಚಿರ್ಲಿಲ್ಲ ಸಿಸ್ಟರ್. ನಿಮ್ಮ ಪುಣ್ಯ" ಎಂದಳು. ಇಷ್ಟು ದಿನ ಯಾರೂ ಅವಳನ್ನು ಸಿಸ್ಟರ್ ಎಂದು ಕರೆದು ಕೈ ಮುಗಿದಿರಲಿಲ್ಲ. ಬೆಚ್ಚಗಾಗಿತ್ತು. ಆ ಬೆಚ್ಚಗಿನಲ್ಲೇ ಇಪ್ಪತ್ತು ಬರೆದಿದ್ದಳು.

ಹನ್ನೆರಡೂವರೆಗೆ ಆಯಮ್ಮ ಬಂದಳು. ಹೊದಿಕೆ ಬದಲಿಸುವವಳು, ಬೆಡ್‌ಪ್ಯಾನ್ ತೊಳೆಯುವವಳು, ಹತ್ತೊಂಬತ್ತು ವರ್ಷದಿಂದ ಈ ವಾರ್ಡಿನಲ್ಲಿ ನೆಲದ ಕಡೆ ಬಗ್ಗಿಯೇ ಇರುವವಳು. ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, "ತಾಯಿ, ಒಂಬತ್ತರೋರ ಉಸಿರು ಯಾಕೋ ಉದ್ದ ಆಗಿದೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ನಾನೊಂದು ಚಾದರ ಮಡಚಿ ಮುಗಿಸ್ದೆ" ಎಂದಳು. ಇಷ್ಟು ಖಚಿತವಾದ ಅಳತೆಯನ್ನು ಅವಳು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಆದರೂ ಹೇಳಿದಳು: "ನಿದ್ದೆ ಹತ್ತಿದೆ ಆಯಮ್ಮ. ಎಬ್ಬಿಸ್ಬೇಡಿ, ಪಾಪ." ಆಯಮ್ಮ ಇನ್ನೂ ಒಂದು ಗಳಿಗೆ ನಿಂತಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಆಮೇಲೆ, 'ನೀವು ಓದ್ದೋರು' ಎನ್ನುವ ಹಾಗೆ ತಲೆಯಾಡಿಸಿ ಬಕೆಟ್ಟು ಎತ್ತಿಕೊಂಡು ಹೋದಳು. ಕಂಡವಳಿಗೆ ಬರೆಯುವ ಹಕ್ಕಿರಲಿಲ್ಲ. ಬರೆಯುವವಳು ನೋಡಲಿಲ್ಲ. ಚಾರ್ಟಿನಲ್ಲಿ ಜ್ವರಕ್ಕೊಂದು ಕಾಲಂ ಇದೆ, ನಾಡಿಗಿದೆ, ಮೂತ್ರಕ್ಕೂ ಇದೆ. ಆಯಮ್ಮನ ಮಾತಿಗೆ ಇಲ್ಲ. ಹತ್ತೊಂಬತ್ತು ವರ್ಷ ಇರಲಿಲ್ಲ. ಇವತ್ತು ಒಂದು ಕೊಡುತ್ತಿದ್ದಾರೆ, ತಪ್ಪು ಮಾಡಿದವರ ಕಾಲಂ.

ಹತ್ತೂವರೆಗೆ ಗೊಂಬೆ ರೂಮಿಗೆ ಹೋಗುವ ದಾರಿಯಲ್ಲಿ ಆಯಮ್ಮ ಕೂತಿದ್ದಳು. ಮೇಟ್ರನ್ ಕಚೇರಿಯ ಹೊರಗಿನ ಬೆಂಚಿನ ತುದಿಯಲ್ಲಿ, ಸಮವಸ್ತ್ರವಿಲ್ಲದೆ, ಮನೆಯ ಸೀರೆಯಲ್ಲಿ. ಸಮವಸ್ತ್ರವಿಲ್ಲದ ಆಯಮ್ಮನನ್ನು ಅವಳು ನೋಡಿದ್ದು ಇದೇ ಮೊದಲು. ಯಾರದೋ ತಾಯಿಯಂತೆ, ಯಾರನ್ನೋ ನೋಡಲು ಬಂದು ಭೇಟಿಯ ಹೊತ್ತು ಮುಗಿದುಹೋದವಳಂತೆ ಕಂಡಳು. ತಲೆ ತಗ್ಗಿಸಿ ದಾಟಿಹೋಗಬಹುದಿತ್ತು. ಕಾಲು ತಾನಾಗಿಯೇ ವೇಗವಾಗಿತ್ತು ಕೂಡ.

"ತಿಂಡಿ ಆಯ್ತಾ ತಾಯಿ?"

ನಿಂತಳು. "ಆಯ್ತು ಆಯಮ್ಮ. ನಿಮ್ದು?"

"ಆಗ್ಲೇ ಆಯ್ತು. ಹನ್ನೆರಡಕ್ಕೆ ಒಳಗೆ ಕರೀತಾರಂತೆ. ಆ ಮನುಷ್ಯಂಗೆ ನೀರು ಕುಡಿಸಿದ್ಯಾ ಅಂತ ಕೇಳ್ತಾರಂತೆ. ಅಲ್ಲ ತಾಯಿ, ನುಂಗೋ ಸ್ಥಿತೀಲಿ ಇದ್ರೆ ತಾನೇ ಕುಡಿಸೋದು? ನಾನು ಮುಟ್ಲೇ ಇಲ್ಲ. ನಿಮ್ಮ ಹತ್ರ ಬಂದು ಹೇಳ್ದೆ, ಅಷ್ಟೇ." ದೂರುವ ದನಿಯಿರಲಿಲ್ಲ. ಮಡಿಲಲ್ಲಿ ಒಂದು ಕರವಸ್ತ್ರವಿತ್ತು, ಅದನ್ನು ನಾಲ್ಕಾಗಿ ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು. "ನೀವು ನೆನಪಿಟ್ಕೊಂಡಿದೀರಲ್ಲ, ನಾನು ಹೇಳಿದ್ದು?"

ಒಂದು ಉಸಿರು ಕೇಳಿಸಿತು. ಬೆಂಚಿನ ಹಿಂದಿನ ಗೋಡೆಯೊಳಗಿಂದಲೋ, ಆಯಮ್ಮನದೋ, ತಿಳಿಯಲಿಲ್ಲ. ಆಮೇಲೆ ಏನೂ ಇಲ್ಲ. ಆಯಮ್ಮನ ಕೈ ಕರವಸ್ತ್ರವನ್ನು ಒಂದು ಮಡಿಕೆ, ಎರಡು ಮಡಿಕೆ, ಮೂರು ಮಡಿಸಿ ಅಂಚು ನೀವಿತು. ಆಗ ಇನ್ನೊಂದು ಬಂತು. "ಮೇಡಂ ಕಾಯ್ತಿದಾರೆ ಆಯಮ್ಮ" ಎಂದು ಅವಳು ಹೊರಟುಬಿಟ್ಟಳು. ನೆನಪಿದೆ ಎಂಬ ಒಂದು ಪದ ಬೆನ್ನ ಹಿಂದೆ ಬೆಂಚಿನ ಮೇಲೆ ಬಿದ್ದುಕೊಂಡಿತ್ತು, ಹೇಳದೆಯೇ.

ಗೊಂಬೆ ರೂಮು ಎಂದರೆ ವಿದ್ಯಾರ್ಥಿನಿಯರು ಅಭ್ಯಾಸ ಮಾಡುವ ಕೋಣೆ. ಒಂದು ಆಸ್ಪತ್ರೆಯ ಮಂಚ, ಅದರ ಮೇಲೆ ಮನುಷ್ಯನಷ್ಟೇ ದೊಡ್ಡದೊಂದು ರಬ್ಬರಿನ ಗೊಂಬೆ. ಒಳಗೊಂದು ಪಂಪು; ತಂತಿ ಸಿಕ್ಕಿಸಿ, ಎಂಟು, ಹದಿನಾರು, ಮೂವತ್ತು ಎಂದು ಬೇಕಾದ ಸಂಖ್ಯೆಗೆ ತಿರುಗಿಸಿದರೆ ಅಷ್ಟು ಉಸಿರಾಡುತ್ತದೆ. ಅದಕ್ಕೂ ಕಾಲಬುಡದಲ್ಲಿ ಒಂದು ಚಾರ್ಟು ನೇತುಹಾಕಿದ್ದರು. ಅದರಲ್ಲೂ ಯಾರೋ ಇಪ್ಪತ್ತು ತುಂಬಿಸಿದ್ದರು, ತಮಾಷೆಗಲ್ಲ. ಟ್ಯೂಟರ್ ಮೇಡಂ ಮಂಚದ ಪಕ್ಕದ ಊಟದ ಮೇಜನ್ನು ಎಳೆದು, ಎರಡು ಕುರ್ಚಿ ಹಾಕಿ, ಕಾಯುತ್ತಿದ್ದರು. ಮೇಜಿನ ಮೇಲೆ ಒಂಬತ್ತನೇ ಮಂಚದ ಹಳೆಯ ಚಾರ್ಟು, ಪಕ್ಕದಲ್ಲಿ ಒಂದು ಖಾಲಿ ಚಾರ್ಟು, ಒಂದು ಪೆನ್ನು. ಪೆನ್ನಿನ ಮುಚ್ಚಳ ಆಗಲೇ ತೆಗೆದಿತ್ತು.

"ಕೂತ್ಕೋ ಮಗಳೇ. ಮುಖ ಏನು ಹೀಗಾಗಿದೆ, ಊಟ ಮಾಡ್ತಿಲ್ವಾ?" ಮೇಡಂ ಕೆಟ್ಟವರಲ್ಲ. ಹಾಸ್ಟೆಲಿನಲ್ಲಿ ಜ್ವರ ಬಂದವರ ಹಣೆಗೆ ತಾವೇ ಬಟ್ಟೆ ಹಾಕುತ್ತಿದ್ದರು. ಕೆಟ್ಟವರಾಗಿದ್ದರೆ ಸುಲಭವಿತ್ತು. "ಬೇಗ ಮುಗಿಸಿಬಿಡೋಣ. ನಾನು ಹೇಳ್ತೀನಿ, ನೀನು ಬರಿ. ಅಕ್ಷರ ನಿಂದೇ ಇರ್ಬೇಕು, ಅದಕ್ಕೇ ಕರೆದಿದ್ದು. ಹತ್ತು ಗಂಟೆ, ಉಸಿರು ಇಪ್ಪತ್ತು. ಹನ್ನೆರಡು ಗಂಟೆ, ಹದಿನೆಂಟು. ಎರಡು ಸಲ ಒಂದೇ ಇದ್ರೆ ಚೆನ್ನಾಗಿರಲ್ಲ. ಹನ್ನೆರಡೂ ಐವತ್ತು, ಷರಾದಲ್ಲಿ: 'ಸೂಚನೆ ಮೀರಿ ಆಯಾ ರೋಗಿಗೆ ಮಲಗಿದ್ದಂತೆಯೇ ನೀರು ಕುಡಿಸಿದ್ದು ಕಂಡುಬಂತು. ಕೆಮ್ಮು, ಉಸಿರುಕಟ್ಟು. ತಕ್ಷಣ ವೈದ್ಯರಿಗೆ ತಿಳಿಸಲಾಯಿತು.' ಎರಡು ಗಂಟೆಯ ಸಾಲು ಬೇಡ, ಖಾಲಿ ಬಿಡು."

"ಅವರು ನೀರು ಕುಡಿಸ್ಲಿಲ್ಲ ಮೇಡಂ."

"ಗೊತ್ತು."

ಮೇಡಂ ಮುಂದಕ್ಕೆ ಬಾಗಿದರು. "ಕೇಳು. ಆಯಾಗೆ ಕೆಲಸ ಹೋಗುತ್ತೆ, ಜೈಲಿಗೇನೂ ಹಾಕಲ್ಲ. ಇದು ಹೀಗೇ ಹೋದ್ರೆ ನೀನು, ವಾರ್ಡ್ ಸಿಸ್ಟರ್, ಫೋನಲ್ಲಿ ಹೇಳಿದ ಡಾಕ್ಟರು, ನಾನು, ಈ ಶಾಲೆ. ಎಷ್ಟು ಜನ ಅಂತ ನೋಡು. ನಿನ್ನ ಕ್ಲಿನಿಕಲ್ ಪುಸ್ತಕಕ್ಕೆ ನನ್ನ ಸಹಿ ಬಾಕಿ ಇದೆ. ಹೆದರಿಸ್ತಿಲ್ಲ, ಇರೋದು ಹೇಳ್ತಿದೀನಿ." ಅವರ ಹಿಂದೆ ಕಿಟಕಿಯಿಂದ ಬಿಸಿಲು ಗೊಂಬೆಯ ಮುಖದ ಮೇಲೆ ಬಿದ್ದಿತ್ತು. ಗೊಂಬೆಯ ಬಾಯಿ ಸದಾ ಸ್ವಲ್ಪ ತೆರೆದಿರುತ್ತದೆ, ನಳಿಗೆ ಹಾಕಲು ಅನುಕೂಲವಾಗಲೆಂದು. ಏನೋ ಹೇಳಲು ಬಂದು, ಓದಿದವರ ಮುಂದೆ ನಿಲ್ಲಿಸಿಕೊಂಡವರ ಬಾಯಿಯ ಹಾಗೆ.

ಅವಳು ಪೆನ್ನು ಹಿಡಿದಳು. ತಾರೀಖು ಬರೆದಳು. ಮಂಚದ ಸಂಖ್ಯೆ ಬರೆದಳು. ಅಕ್ಷರ ದುಂಡಗೆ, ಸ್ಥಿರವಾಗಿ ಬರುತ್ತಿತ್ತು, ಕೈಗೆ ಏನೂ ಗೊತ್ತಿಲ್ಲದ ಹಾಗೆ. 'ಹತ್ತು ಗಂಟೆ' ಎಂದು ಬರೆದು ಉಸಿರಿನ ಕಾಲಮಿಗೆ ಬಂದಾಗ ಅದು ಕೇಳಿಸಿತು. ಗಂಟಲಲ್ಲಿ ತಡೆದ, ತೇವವಾದ ಒಂದು ಉಸಿರು. ಈ ಸಲ ಹತ್ತಿರದಲ್ಲಿ, ಎಡಗಡೆಯಲ್ಲಿ, ಮೊಣಕೈಗೆ ತಾಕುವಷ್ಟು ಹತ್ತಿರ. ತಿರುಗಿ ನೋಡಿದಳು. ಗೊಂಬೆಯ ಎದೆಯ ಮೇಲಿನ ಹೊದಿಕೆ ಏರಿ ನಿಂತಿತ್ತು, ಇಳಿಯಿತು. ಆಮೇಲೆ ಏನೂ ಇಲ್ಲ. ಅವಳ ಕಣ್ಣು ಹೊದಿಕೆಯ ಅಂಚಿನಿಂದ ಕೆಳಗಿಳಿದು, ಮಂಚದ ಕಬ್ಬಿಣದ ಕಾಲಿನುದ್ದಕ್ಕೂ ಹೋಗಿ, ನೆಲದ ಮೇಲೆ ಸುರುಳಿ ಸುತ್ತಿಟ್ಟ ತಂತಿಯನ್ನು ಕಂಡಿತು. ಪ್ಲಗ್ಗು ಗೋಡೆಯಿಂದ ಒಂದು ಮಾರು ದೂರದಲ್ಲಿ ಬಿದ್ದಿತ್ತು. ಧೂಳು ಹಿಡಿದಿತ್ತು.

"ಅದರ ಕಡೆ ನೋಡ್ಬೇಡ" ಎಂದರು ಮೇಡಂ.

"ಯಾವುದರ ಕಡೆ ಮೇಡಂ?"

ಮೇಡಂ ಹೊಸ ಚಾರ್ಟಿನ ಅಂಚನ್ನು ಬೆರಳಿಂದ ನೇರಮಾಡಿದರು, ಅದು ನೇರವಾಗಿಯೇ ಇತ್ತು. "ನಂದು ಏಳನೇ ಮಂಚ" ಎಂದರು ಕೊನೆಗೆ, ಬೇರೆ ಯಾರದೋ ವಿಷಯ ಹೇಳುವವರ ಹಾಗೆ. "ಬೇರೆ ಆಸ್ಪತ್ರೆ. ಇಪ್ಪತ್ತೇಳು ವರ್ಷ ಆಯ್ತು. ಒಬ್ಬಳು ಬಾಣಂತಿ. ನನ್ನ ಮೇಡಂ ನನ್ನನ್ನ ಹೀಗೇ ಕೂರಿಸಿ ಬರೆಸಿದ್ರು. ಬರೆದೆ. ಬರೆದಿದ್ದಕ್ಕೆ ಇವತ್ತು ಇಲ್ಲಿದೀನಿ, ನಿಮಗೆಲ್ಲ ಪಾಠ ಹೇಳ್ತಿದೀನಿ, ಪೂರ್ತಿ ಒಂದು ನಿಮಿಷ ಎಣಿಸಿ ಅಂತ. ಅದೂ ಒಂದು ಒಳ್ಳೇದೇ ಅಲ್ವಾ? ಮೊದಮೊದಲು ಕಷ್ಟ ಆಗುತ್ತೆ. ಮೊದಮೊದಲು ಕೇಳಿಸುತ್ತೆ."

"ಆಮೇಲೆ ನಿಲ್ಲುತ್ತಾ ಮೇಡಂ?"

ಎರಡು ಉಸಿರಿನ ಆ ಉದ್ದದ ನಡುವಿನಲ್ಲಿ ಇಬ್ಬರೂ ಕೂತಿದ್ದರು. ಅವಳು ನೋಡಿದಳು: ಮೇಡಂ ತಮ್ಮ ಉಸಿರು ಹಿಡಿದುಕೊಂಡಿದ್ದರು. ಕಾಯುವವರ ಹಾಗೆ. ಅಜ್ಜಿಯ ಪಕ್ಕದ ಮಗುವಿನ ಹಾಗೆ. ಮಂಚದ ಮೇಲೆ ಹೊದಿಕೆ ಏರಿತು, ಅಥವಾ ಕಿಟಕಿಯಿಂದ ಗಾಳಿ ಬಂತು. ಆಗ ಮೇಡಂ ತಮ್ಮದನ್ನು ನಿಧಾನ ಬಿಟ್ಟರು. "ಅಭ್ಯಾಸ ಆಗುತ್ತೆ" ಎಂದರು.

ಇಪ್ಪತ್ತೇಳು ವರ್ಷ. ಅವಳಿಗೆ ಮೇಡಂ ಮೇಲೆ ಒಮ್ಮೆಲೇ ತಡೆಯಲಾರದ ಕರುಣೆ ಬಂತು, ಕರುಣೆಯ ಹಿಂದೆಯೇ, ಅದರ ಸೆರಗು ಹಿಡಿದುಕೊಂಡು ಬಂದಂತೆ, ಸಿಟ್ಟು. ಏಳನೇ ಮಂಚದವಳ ಚಾರ್ಟಿನಲ್ಲಿ ಯಾರ ಹೆಸರು ಹಾಕಿದ್ದಿರಿ ಎಂದು ಕೇಳಬೇಕೆನ್ನಿಸಿತು. ಅಲ್ಲೂ ಒಬ್ಬ ಆಯಮ್ಮ ಇದ್ದಿರಬೇಕು. ಪ್ರತಿ ವಾರ್ಡಿನಲ್ಲೂ ಒಬ್ಬಳು ಇರುತ್ತಾಳೆ, ಬರೆಯಲು ಬಾರದವಳು ಅಥವಾ ಬಂದರೂ ಪೆನ್ನು ಸಿಗದವಳು. ಉಳಿದವರೆಲ್ಲರ ತಪ್ಪು ನೀರಿನಂತೆ ಇಳಿಜಾರು ಹುಡುಕಿಕೊಂಡು ಹೋಗಿ ಅವಳ ಕಾಲಬುಡದಲ್ಲಿ ನಿಲ್ಲುತ್ತದೆ, ಆಮೇಲೆ ಅವಳಿಗೇ ಅದನ್ನು ಒರೆಸಲು ಹೇಳುತ್ತಾರೆ. ಇಪ್ಪತ್ತು ಎಂಬುದು ಸೋಮಾರಿತನವಲ್ಲ, ಅವಳಿಗೆ ಈಗ ಕಂಡಿತು. ಇಬ್ಬರು ಹುಡುಗಿಯರನ್ನು ಮೂವತ್ತೆರಡು ಎದೆಗಳ ಮುಂದೆ ನಿಲ್ಲಿಸಿ, ಎಣಿಸಲು ಹೊತ್ತು ಕೊಡದೆ, ಎಣಿಸಿದ್ದೇವೆ ಎಂಬ ಕಾಗದ ಮಾತ್ರ ಕೇಳುವವರು ಕಟ್ಟಿದ ಸಂಖ್ಯೆ ಅದು. ಹಾಗೆಂದು ತನ್ನ ಕೈ ತೊಳೆದುಹೋಗುವುದಿಲ್ಲ. 'ಇಪ್ಪತ್ತು ಸಿಸ್ಟರ್' ಎಂದ ನಾಲಿಗೆ ಅವರದಲ್ಲ. ಒಂದು ಚಾದರ ಮಡಚುವಷ್ಟು ಹೊತ್ತು ಅವನ ಪಕ್ಕದಲ್ಲಿ ನಿಲ್ಲಬಹುದಾಗಿದ್ದವಳು ಬೇರೆ ಯಾರೂ ಅಲ್ಲ.

ಬರೆದಳು. ಮೇಡಂ ಪೆನ್ನು ಚಲಿಸುವುದನ್ನು ಕಂಡು ಹಿಂದಕ್ಕೊರಗಿ, ಕನ್ನಡಕ ತೆಗೆದು, ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಂಡರು. ಹತ್ತು ಗಂಟೆ, ಎಣಿಸಿಲ್ಲ. ಇಂಜೆಕ್ಷನ್ ಕೊಡುವ ಮೊದಲು ಕೇಳಿದಾಗ ಇಪ್ಪತ್ತು ಎಂದು ಹೇಳಿದೆ, ಎಣಿಸಿಲ್ಲ. ಹನ್ನೆರಡು ಗಂಟೆ, ಎಣಿಸಿಲ್ಲ. ಹನ್ನೆರಡೂವರೆ, ಉಸಿರು ಉದ್ದವಾಗಿದೆ, ಎರಡು ಉಸಿರಿನ ನಡುವೆ ಒಂದು ಚಾದರ ಮಡಚುವಷ್ಟು ಹೊತ್ತು ಆಗುತ್ತಿದೆ ಎಂದು ಆಯಾ ಬಂದು ತಿಳಿಸಿದರು. ನಾನು ಹೋಗಿ ನೋಡಲಿಲ್ಲ. ಎರಡು ಗಂಟೆ, ಮೇಜಿನ ಹತ್ತಿರ ಕೂತು ಬರೆದದ್ದು, ಎಣಿಸಿಲ್ಲ. ಕೆಳಗೆ ಸಹಿ ಹಾಕಿದಳು. ಷರಾದ ಜಾಗ ಸಾಲದೆ ಕೊನೆಯ ಸಾಲು ಉಸಿರಿನ ಕಾಲಮಿನೊಳಕ್ಕೇ ಹರಿದಿತ್ತು, ಇಪ್ಪತ್ತು ಇರಬೇಕಾದ ಕಡೆ ಅಕ್ಷರಗಳು ತುಂಬಿಕೊಂಡಿದ್ದವು.

ಮೇಡಂ ಕನ್ನಡಕ ಹಾಕಿಕೊಂಡು ಓದಿದರು. ಎರಡು ಸಲ. ಬೈಯುತ್ತಾರೆಂದುಕೊಂಡಿದ್ದಳು, ಮೇಡಂ ಕೈ ಚಾಚಿ ಅವಳ ಮಣಿಕಟ್ಟನ್ನು ಹಿಡಿದುಕೊಂಡರು. ಬೆಚ್ಚಗಿನ, ಒಣ, ಅನುಭವವಿರುವ ಬೆರಳುಗಳು. "ಮಗಳೇ, ನೀನು ಈಗ ಸರಿಯಾಗಿ ಯೋಚನೆ ಮಾಡೋ ಸ್ಥಿತೀಲಿ ಇಲ್ಲ. ನಿದ್ದೆ ಇಲ್ಲ, ಊಟ ಇಲ್ಲ. ಇದನ್ನ ಹರಿದುಹಾಕು. ನಾನು ಹರಿಯಲ್ಲ, ನೀನೇ ಹರಿ. ಆಮೇಲೆ ಹಳೇದನ್ನೂ. ಇನ್ನೊಂದು ಖಾಲಿ ಚಾರ್ಟ್ ಇದೆ, ಹನ್ನೆರಡಕ್ಕೆ ಇನ್ನೂ ಒಂದು ಗಂಟೆ ಇದೆ." ದನಿ ಮೃದುವಾಗಿತ್ತು. ಕೈ ನಾಡಿಯ ಮೇಲಿತ್ತು. ಕಣ್ಣು ಮಾತ್ರ ಅವಳ ಮುಖದ ಮೇಲಿರಲಿಲ್ಲ, ಸ್ವಲ್ಪ ಕೆಳಗೆ, ಎದೆಗೆ ಚುಚ್ಚಿದ ಗಡಿಯಾರ ಏರಿ ಇಳಿಯುವ ಜಾಗದಲ್ಲಿತ್ತು.

"ಎಷ್ಟು ಬಂತು ಮೇಡಂ?" ಎಂದು ಕೇಳಿದಳು.

"ಏನು?"

"ನನ್ನ ಉಸಿರು."

"ಇಪ್ಪತ್ತು" ಎಂದರು ಮೇಡಂ. ತಟ್ಟನೆ ಬಂದ ಮಾತು. ಕೈ ಹಿಡಿದು ಇನ್ನೂ ಕಾಲು ನಿಮಿಷ ಕೂಡ ಆಗಿರಲಿಲ್ಲ. ಹೇಳಿದ ಮೇಲೆ ಅದು ಅವರಿಗೂ ಕೇಳಿಸಿತು. ಬೆರಳುಗಳು ಸಡಿಲವಾದವು, ಆದರೆ ಬಿಡಲಿಲ್ಲ. ಪಕ್ಕದ ಮಂಚದಲ್ಲಿ ಒಂದು ಉಸಿರು ಎಳೆದುಕೊಂಡಂತಾಗಿ ನಿಂತಿತು. ಮೇಡಂ ಆ ಕಡೆ ನೋಡಲಿಲ್ಲ. ಅವಳು ನೋಡಿದಳು. ತೆರೆದ ಬಾಯಿ, ಬಿಸಿಲು, ಏರಿದ ಹೊದಿಕೆ. ಆಮೇಲೆ ತನ್ನ ಎದೆಯ ಗಡಿಯಾರವನ್ನು ಎಡಗೈಯಿಂದ ಎತ್ತಿ, ತನಗೆ ಮಾತ್ರ ನೆಟ್ಟಗೆ ಕಾಣುವ ಮುಳ್ಳನ್ನು ನೋಡಿದಳು. ಎರಡೂ ಚಾರ್ಟುಗಳನ್ನು ಒಂದರ ಮೇಲೊಂದು ಇಟ್ಟು ಅಂಗೈಯನ್ನು ಅವುಗಳ ಮೇಲೆ ಊರಿದಳು.

"ಹರಿ" ಎಂದರು ಮೇಡಂ. ಈ ಸಲ ಮಗಳೇ ಎನ್ನಲಿಲ್ಲ.

"ಹರಿಯಲ್ಲ ಮೇಡಂ" ಎಂದಳು. "ಕೈ ಬಿಡಿ. ಹೊರಗೆ ಆಯಮ್ಮ ಕೂತಿದಾರೆ, ಇದನ್ನ ಮೊದಲು ಅವರಿಗೆ ಓದಿ ಹೇಳ್ಬೇಕು."